ತಲೆನೋವಿಗೆ ಕಿವಿ ಮೆಷೀನಾ, ಹಣೆ ಮೆಷೀನಾ, ತೋಳಿನದಾ, ಇಲ್ಲಾ ಮಾತ್ರೆಯೇ ಸಾಕಾ?

ಬಡ್ ಹಾಕಿ ಕಿವಿ ಕ್ಲೀನ್ ಮಾಡುವಾಗ ಕೆಲವರಿಗೆ ಕೆಮ್ಮು ಬರುತ್ತದೆ. ನಮ್ಮಮ್ಮನಿಗೆ ಹಾಗೆ. ಕಿವಿಗೂ ಗಂಟಲಿಗೂ ಏನು ನೆಂಟಸ್ತಿಕೆ ಎಂದು ನಾವು ಮಕ್ಕಳು ನಗುತ್ತಿದ್ದೆವು. ನೆಂಟಸ್ತಿಕೆ ನಿಜವಾಗಿಯೂ ಇದೆ. ಮಿದುಳಿನಿಂದ ನೇರವಾಗಿ ಹೊರಡುವ 12 ಜೋಡಿ ನರಗಳಲ್ಲಿ ಹತ್ತನೆಯದು ವೇಗಸ್. ಲ್ಯಾಟಿನ್‌ನಲ್ಲಿ ಅದರ ಅರ್ಥವೇ ಅಲೆದಾಡುವುದು. ಕುತ್ತಿಗೆ ಇಳಿದು, ಗಂಟಲು, ಹೃದಯ, ಶ್ವಾಸಕೋಶ ಸುತ್ತಿ ಹೊಟ್ಟೆಯವರೆಗೂ ಹೋಗುತ್ತದೆ. ಈ ಅಲೆಮಾರಿ ನರದ ಒಂದು ಸಣ್ಣ ಕವಲು ಕಿವಿಯ ಚರ್ಮಕ್ಕೆ ಬರುತ್ತದೆ. ಬಡ್ ಅದನ್ನು ಮುಟ್ಟಿದರೆ ಕೆಮ್ಮು.

ಕೈಗೆ ಸಿಗುವ ಆ ಕವಲಿನ ಮೂಲಕ ಸಣ್ಣ ಕರೆಂಟ್ ಕೊಟ್ಟರೆ ಮಿದುಳಿನಲ್ಲಿ ನೋವು ನಿಭಾಯಿಸುವ ಜಾಗಕ್ಕೆ ಸುದ್ದಿ ಮುಟ್ಟುತ್ತದೆ, ಇಷ್ಟೇ ತಲೆನೋವಿಗೆಂದು ಮಾರುವ ಕಿವಿ ಮೆಷೀನುಗಳ ಹಿಂದಿನ ಯೋಚನೆ. ಕಿವಿಯಿಂದ ಹೋದ ಸಂಕೇತ ಸೇರುವ ಮಿದುಳಬುಡದ ಕೇಂದ್ರಕ್ಕೂ, ಮುಖ ಮತ್ತು ತಲೆಯ ನೋವನ್ನು ಹೊತ್ತು ತರುವ ನರದ ಕೇಂದ್ರಕ್ಕೂ ಸಂಪರ್ಕ ಇದೆ. ಹಾಗಾಗಿ ಯೋಚನೆ ಹುಚ್ಚು ಯೋಚನೆಯೇನೂ ಅಲ್ಲ. ಆದರೆ ತಗೊಳ್ಳೋದಾ ಬೇಡ್ವಾ?

ಇದನ್ನೇ ಈಚೆಗೆ ಸುಮಾರು ಜನ ಕೇಳಿದ್ದಾರೆ. ವೈಟ್‌ಫೀಲ್ಡ್‌ಗೆ ದಿನಾ ಓಡಾಡುವ ಗೆಳತಿ ಕಿವಿ ಮೆಷೀನಿನ ಜಾಹೀರಾತು ಕಳಿಸಿದಳು. ಬಸವನಗುಡಿಯ ಚಿಕ್ಕಮ್ಮ ಫೋನ್ ಮಾಡಿ, "ಕಿವಿ ಮೇಲ್ಗಡೆ ಚುಚ್ಚಿಸಿಕೊಂಡ್ರೆ ಅರೆತಲೆನೋವು ಹೋಗತ್ತಂತಲ್ಲೇ, ಹೌದಾ?" ಎಂದರು. ನಾನು ಡಾಕ್ಟರ್ ಅಲ್ಲ. ಇಪ್ಪತ್ತು ವರ್ಷದಿಂದ ಅರೆತಲೆನೋವು ಸಾಕಿಕೊಂಡು, ಇವುಗಳಲ್ಲಿ ಕೆಲವಕ್ಕೆ ದುಡ್ಡು ಸುರಿದವಳು. ಓದಿದ್ದು, ಡಾಕ್ಟರನ್ನು ಕೇಳಿದ್ದು, ಕೈ ಸುಟ್ಟುಕೊಂಡಿದ್ದು ಎಲ್ಲ ಸೇರಿಸಿ ಹೇಳುತ್ತೇನೆ.

ಏನನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮೊದಲು, ನಿಮ್ಮದು ಯಾವ ತಲೆನೋವು? ಒಂದು ಪಕ್ಕ ಸಿಡಿಯುತ್ತಾ, ವಾಂತಿ ಬರುವ ಹಾಗಾಗಿ, ಟ್ಯೂಬ್‌ಲೈಟ್ ನೋಡಿದರೂ ಸಿಟ್ಟು ಬಂದು, 4 ಗಂಟೆಯಿಂದ 72 ಗಂಟೆವರೆಗೆ ಕಾಡಿದರೆ ಅದು ಬಹುಮಟ್ಟಿಗೆ ಮೈಗ್ರೇನ್, ಅಂದರೆ ಅರೆತಲೆನೋವು. ತಲೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗೆ ಎರಡೂ ಕಡೆ ಹಿಂಡಿದರೆ ಒತ್ತಡದ ತಲೆನೋವು. ಒಂದೇ ಕಣ್ಣಿನ ಸುತ್ತ ಚಾಕು ಆಡಿಸಿದ ಹಾಗೆ, ಆ ಕಣ್ಣಲ್ಲಿ ನೀರು ಸುರಿದು, ಕೂತಲ್ಲಿ ಕೂರಲಾಗದೆ ಓಡಾಡುವಂತೆ ಮಾಡಿ, 15 ನಿಮಿಷದಿಂದ 3 ಗಂಟೆಯೊಳಗೆ ನಿಂತರೆ ಕ್ಲಸ್ಟರ್ ತಲೆನೋವು. ಕೆಳಗೆ ಹೇಳುವ ಮೆಷೀನುಗಳನ್ನು ಹೆಚ್ಚಾಗಿ ಪರೀಕ್ಷಿಸಿರುವುದು ಮೈಗ್ರೇನ್ ಇರುವವರ ಮೇಲೆ. ಒತ್ತಡದ ತಲೆನೋವಿನವರು ಇಪ್ಪತ್ತು ಸಾವಿರ ಕೊಟ್ಟು ಮೈಗ್ರೇನ್ ಮೆಷೀನ್ ತರಿಸಿಕೊಂಡರೆ ಏನು ಬಂತು?

ಮೈಗ್ರೇನ್ ಅಪರೂಪದ ಕಾಯಿಲೆ ಅಂದುಕೊಳ್ಳಬೇಡಿ. ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಜನರನ್ನು ಮನೆಮನೆಗೆ ಹೋಗಿ ಕೇಳಿದ್ದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದವರು ನೂರಕ್ಕೆ 64. ಮೈಗ್ರೇನ್ ಇದ್ದವರು ನೂರಕ್ಕೆ 25. ಬಿಎಂಟಿಸಿ ಬಸ್ಸಿನ ಒಂದು ಸೀಟಿನ ಸಾಲಿನಲ್ಲಿ ಸರಾಸರಿ ಒಬ್ಬರಿಗೆ ಇರುತ್ತದೆ ಅಂತಾಯಿತು.

ಎರಡನೆಯದು, ಬಂದ ನೋವನ್ನು ಇಳಿಸುವುದು ಬೇಕಾ, ಬರದ ಹಾಗೆ ತಡೆಯುವುದು ಬೇಕಾ? ಎರಡೂ ಬೇರೆ ಬೇರೆ ಕೆಲಸ. ಮೂರನೆಯದು ಪುರಾವೆ. ಮೆಷೀನ್ ಹಾಕಿಕೊಂಡರೆ ಎಷ್ಟೋ ಜನಕ್ಕೆ ಹಾಕಿಕೊಂಡ ಸಮಾಧಾನಕ್ಕೇ ಹಾಯೆನಿಸುತ್ತದೆ. ಅದಕ್ಕೇ ಡಮ್ಮಿ ಮೆಷೀನಿನ ಜೊತೆ ಹೋಲಿಸಿ ನೋಡಿದ್ದಾರಾ ಎನ್ನುವುದು ಮುಖ್ಯ. ಆಮೇಲೆ ದಿನಕ್ಕೆ ಎಷ್ಟು ಹೊತ್ತು ಬೇಕು, ಎಷ್ಟು ಖರ್ಚು, ಕೆಟ್ಟರೆ ಇಲ್ಲಿ ರಿಪೇರಿ ಆಗುತ್ತದಾ. ಕೊನೆಯದು ನಿಮ್ಮ ದೇಹ. ಪೇಸ್‌ಮೇಕರ್ ಇರುವವರು, ಬಸುರಿಯರು, ಫಿಟ್ಸ್ ಇರುವವರು, ಹೃದಯ ಬಡಿತದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಯಾವ ಕರೆಂಟ್ ಮೆಷೀನಿಗೂ ಕೈ ಹಾಕಬಾರದು.

ಇನ್ನೊಂದು ಮಾತು. ಜೀವನದಲ್ಲೇ ಮೊದಲ ಸಲ ಎನ್ನುವಂತೆ ಸಿಡಿಲು ಬಡಿದ ಹಾಗೆ ತಲೆನೋವು ಬಂದರೆ, ಜ್ವರದ ಜೊತೆ ಕತ್ತು ಬಿಗಿದರೆ, ಮಾತು ತೊದಲಿದರೆ, ಕೈಕಾಲಲ್ಲಿ ಶಕ್ತಿ ಹೋದರೆ, ಈ ಲೇಖನ ಬಿಟ್ಟು ಆಸ್ಪತ್ರೆಗೆ ಹೊರಡಿ. 50 ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾದವರೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಕಿವಿ ಮೆಷೀನ್

ಎಲ್ಲರೂ ಕೇಳುವುದು ಇದನ್ನೇ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಕನ್ನಡಿ ಮುಂದೆ ನಿಂತು ನಿಮ್ಮ ಕಿವಿ ನೋಡಿಕೊಳ್ಳಿ. ರಂಧ್ರದ ಮುಂದೆ ಸಣ್ಣ ಬಾಗಿಲಿನ ಹಾಗೆ ಒಂದು ಗುಬ್ಬಿ, ಅಂದರೆ ಸಣ್ಣ ಉಬ್ಬು, ಇದೆ. ರಂಧ್ರದ ಸ್ವಲ್ಪ ಮೇಲೆ, ಒಳಬದಿಗೆ, ಬೆರಳ ತುದಿ ಕೂರುವಷ್ಟು ಒಂದು ತಗ್ಗು ಇದೆ. ಕೆಳಗೆ ಓಲೆ ಹಾಕುವ ಹಾಲೆ. 2002ರಲ್ಲಿ ಪ್ರಕಟವಾದ ಒಂದು ಅಂಗರಚನಾ ಅಧ್ಯಯನದಲ್ಲಿ ದಾನವಾಗಿ ಬಂದ ದೇಹಗಳ ಕಿವಿಯ ನರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದರು. ಆ ತಗ್ಗಿಗೆ ಎಲ್ಲ ಕಿವಿಗಳಲ್ಲೂ ವೇಗಸ್ ಕವಲೊಂದೇ ಬಂದಿತ್ತು. ಮುಂದಿನ ಗುಬ್ಬಿಗೆ ವೇಗಸ್ ಬಂದಿದ್ದು ನೂರಕ್ಕೆ 45 ಕಿವಿಗಳಲ್ಲಿ ಮಾತ್ರ. ಓಲೆ ಹಾಕುವ ಹಾಲೆಗೆ ವೇಗಸ್ ಬರುವುದೇ ಇಲ್ಲ. ಅದಕ್ಕೇ ಸಂಶೋಧಕರು ಡಮ್ಮಿ ಚಿಕಿತ್ಸೆ ಕೊಡಬೇಕಾದರೆ ಹಾಲೆಗೆ ಕ್ಲಿಪ್ ಹಾಕುತ್ತಾರೆ!

ಈಗ ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಮೆಷೀನುಗಳ ಫೋಟೋ ನೋಡಿ. ಎಷ್ಟೋ ಕಡೆ ಕ್ಲಿಪ್ ಇರುವುದು ಹಾಲೆಗೆ. ವೇಗಸ್ ಎಂದು ದೊಡ್ಡದಾಗಿ ಬರೆದಿರುತ್ತಾರೆ, ವೇಗಸ್ ಇಲ್ಲದ ಜಾಗಕ್ಕೆ ಕಚ್ಚಿಸಿರುತ್ತಾರೆ. ಕೊಳ್ಳುವುದೇ ಆದರೆ ತಗ್ಗಿನಲ್ಲಿ ಕೂರುವ ಮೆಷೀನ್ ಮೊದಲ ಆಯ್ಕೆ, ಗುಬ್ಬಿಗೆ ಹಾಕುವುದು ಎರಡನೆಯದು, ಹಾಲೆಯದು ಬೇಡವೇ ಬೇಡ. ಸಾಮಾನ್ಯವಾಗಿ ಎಡಗಿವಿಗೇ ಹಾಕುತ್ತಾರೆ. ಬಲಗಡೆಯ ವೇಗಸ್‌ಗೆ ಹೃದಯ ಬಡಿತದ ಮೇಲೆ ಹಿಡಿತ ಹೆಚ್ಚು ಎನ್ನುವ ಮುಂಜಾಗ್ರತೆಗೆ.

ಪುರಾವೆ ಏನಿದೆ? ಹೆಚ್ಚು ಚರ್ಚೆಯಾಗಿರುವುದು ಜರ್ಮನಿಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ ತಲೆನೋವು ಇರುವ, ದೀರ್ಘಕಾಲದ ಮೈಗ್ರೇನಿನ 46 ಜನ. ದಿನಕ್ಕೆ 4 ಗಂಟೆ ಕಿವಿಗೆ ಮೆಷೀನ್, 12 ವಾರ. ಒಂದು ಗುಂಪಿಗೆ ಸೆಕೆಂಡಿಗೆ 25 ಸಲ ಮಿಡಿಯುವ ಕರೆಂಟ್, ಇನ್ನೊಂದಕ್ಕೆ ಸೆಕೆಂಡಿಗೆ ಒಂದೇ ಸಲ. 25 ಹರ್ಟ್ಸ್‌ನದು ಕೆಲಸ ಮಾಡುತ್ತದೆ, 1 ಹರ್ಟ್ಸ್‌ನದು ಹೋಲಿಕೆಗೆ ಮಾತ್ರ ಎಂದು ಹೊರಟಿದ್ದರು. ಆಗಿದ್ದು ತಿರುವುಮುರುವು. 1 ಹರ್ಟ್ಸ್ ಗುಂಪಿನಲ್ಲಿ 28 ದಿನಕ್ಕೆ ಸರಾಸರಿ 7 ತಲೆನೋವಿನ ದಿನ ಕಡಿಮೆಯಾದವು, 25 ಹರ್ಟ್ಸ್ ಗುಂಪಿನಲ್ಲಿ 3.3 ದಿನ.

ತಿಂಗಳಿಗೆ ಏಳು ದಿನ ಉಳಿದರೆ ಸಣ್ಣ ಮಾತಲ್ಲ. ಆದರೆ ಪ್ರಯೋಗ ಚಿಕ್ಕದು. ಕರೆಂಟೇ ಇಲ್ಲದ ಡಮ್ಮಿ ಗುಂಪು ಅದರಲ್ಲಿ ಇರಲಿಲ್ಲ. ಚೀನಾದಲ್ಲೂ 1 ಹರ್ಟ್ಸ್ ಇಟ್ಟುಕೊಂಡು ಪ್ರಯೋಗಗಳಾಗಿವೆ, ಅವೂ ಸಣ್ಣವೇ. ಆಸೆ ಹುಟ್ಟಿಸುವಷ್ಟಿದೆ, ಗ್ಯಾರಂಟಿ ಕೊಡುವಷ್ಟಿಲ್ಲ.

ದಿನಕ್ಕೆ ನಾಲ್ಕು ಗಂಟೆ ಎನ್ನುವುದು ಓದಲು ಸುಲಭ. ನಾನು ಒಂದು ಪರಿಚಯದವರ ಮೆಷೀನ್ ತಂದು ಮೂರು ತಿಂಗಳು ಹಾಕಿಕೊಂಡೆ. ಎಲೆಕ್ಟ್ರೋಡನ್ನು ಒದ್ದೆ ಮಾಡಿ ತಗ್ಗಿನಲ್ಲಿ ಕೂರಿಸಬೇಕು. ಕರೆಂಟನ್ನು ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋದರೆ ಮೊದಲು ಏನೂ ಇಲ್ಲ, ಆಮೇಲೆ ಇರುವೆ ಹರಿದ ಹಾಗೆ, ಇನ್ನೊಂದು ಮೆಟ್ಟಿಲಿಗೆ ಸೂಜಿ ಚುಚ್ಚಿದ ಹಾಗೆ. ಇರುವೆ ಇರಬೇಕು, ಸೂಜಿ ಇರಬಾರದು. ಹುಳಿಗೆ ಒಗ್ಗರಣೆ ಹಾಕುವಾಗ ವೈರ್ ಸೌಟಿಗೆ ಸಿಕ್ಕಿಕೊಂಡಿದ್ದು, ಬೆವರಿಗೆ ಎಲೆಕ್ಟ್ರೋಡ್ ಜಾರಿದ್ದು, ಆಫೀಸಿನ ಮೀಟಿಂಗಿನಲ್ಲಿ "ಏನ್ ಹಾಡು ಕೇಳ್ತಿದೀರಾ ಮೇಡಂ?" ಎಂದಿದ್ದು, ಎಲ್ಲ ಆಯಿತು. ದಿನಕ್ಕೆ ಎರಡು ಗಂಟೆ ದಾಟಲಿಲ್ಲ. ತಿಂಗಳಿಗೆ ಒಂಬತ್ತಿದ್ದ ತಲೆನೋವಿನ ದಿನ ಮೂರನೇ ತಿಂಗಳಿಗೆ ಏಳಾಯಿತು. ಅದು ಮೆಷೀನಿನಿಂದಲೋ, ಅದೇ ಹೊತ್ತಿಗೆ ರಾತ್ರಿ ಹನ್ನೊಂದಕ್ಕೇ ಮಲಗಲು ಶುರು ಮಾಡಿದ್ದರಿಂದಲೋ, ಹೇಗೆ ಹೇಳುವುದು? ಕಿವಿ ಚರ್ಮ ಕೆಂಪಾಗಿ ತುರಿಸಿದ್ದು ಮಾತ್ರ ಮೆಷೀನಿನಿಂದಲೇ. ಅದು ಬಹಳ ಜನಕ್ಕೆ ಆಗುವ ತೊಂದರೆ, ಕೆಲವರಿಗೆ ಹುಣ್ಣೂ ಆಗುತ್ತದೆ.

ಖರ್ಚಿನ ಮಾತು. ಇದಕ್ಕೆಂದೇ ಮಾಡಿದ ವಿದೇಶಿ ಮೆಷೀನುಗಳಿಗೆ ಹತ್ತಾರು ಸಾವಿರ ರೂಪಾಯಿ, ಅದರ ಮೇಲೆ ಕಸ್ಟಮ್ಸ್. ಎಲೆಕ್ಟ್ರೋಡ್ ಸವೆದರೆ ಮತ್ತೆ ಅಲ್ಲಿಂದಲೇ ತರಿಸಬೇಕು.

ಅದರ ಬಡ ತಮ್ಮ: ಟೆನ್ಸ್ ಮೆಷೀನ್

ಫಿಸಿಯೋಥೆರಪಿಯವರು ಮಂಡಿನೋವು, ಬೆನ್ನುನೋವಿಗೆ ಇಡುತ್ತಾರಲ್ಲ, ಅದೇ. ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ, ವಿದೇಶಿ ಕಿವಿ ಮೆಷೀನಿನ ಬೆಲೆಯ ಮುಂದೆ ಇದು ಏನೂ ಅಲ್ಲ. ಇದಕ್ಕೆ ಕಿವಿ ಕ್ಲಿಪ್ ಸಿಕ್ಕಿಸಿ ಬಳಸುವವರಿದ್ದಾರೆ. ಕೆಲವು ಸಂಶೋಧನೆಗಳಲ್ಲೂ ಹೀಗೇ ಮಾಡಿದ್ದಾರೆ. ತೊಂದರೆ ಏನೆಂದರೆ ಎಷ್ಟೋ ಅಗ್ಗದ ಮೆಷೀನುಗಳಲ್ಲಿ ಕರೆಂಟನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಿಸಲು ಬರುವುದಿಲ್ಲ. ಮಂಡಿಗೆ ಹಿತವಾದ ಏಟು ಕಿವಿಗೆ ಜೋರಾಗುತ್ತದೆ. ಅದರಲ್ಲಿ 1 ಹರ್ಟ್ಸ್ ಇದೆಯಾ ನೋಡಬೇಕು, ಎಷ್ಟೋ ಮೆಷೀನಿನಲ್ಲಿ ಇರುವುದಿಲ್ಲ. ಫಿಸಿಯೋ ಒಬ್ಬರು ಪಕ್ಕದಲ್ಲಿದ್ದು ತೋರಿಸಿಕೊಟ್ಟರೆ ಪ್ರಯತ್ನಿಸಬಹುದು. ಎಸ್.ಪಿ. ರೋಡಿನಲ್ಲಿ ಪಾರ್ಟ್ಸ್ ತಂದು ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಎನ್ನುವ ಇಂಜಿನಿಯರ್ ಗಂಡಂದಿರಿಗೆ ದಯವಿಟ್ಟು ಬೇಡ ಎನ್ನಿ.

ಟೆನ್ಸ್ ಪ್ಯಾಡನ್ನು ಕುತ್ತಿಗೆಯ ಮುಂಭಾಗಕ್ಕೆ ಮಾತ್ರ ಯಾವತ್ತೂ ಅಂಟಿಸಬೇಡಿ. ಬಿ.ಪಿ. ಮತ್ತು ಹೃದಯ ಬಡಿತ ಏರುಪೇರಾಗಬಹುದು.

ಕುತ್ತಿಗೆಯದು

ಹಾಗಾದರೆ ಕುತ್ತಿಗೆಗೆ ಹಿಡಿಯುವ ಮೆಷೀನ್ ಇದೆಯಲ್ಲ? ಇದೆ, ಅದು ಬೇರೆ. ಗಾಮಾಕೋರ್ ಎಂದು ಹೆಸರು. ವೇಗಸ್‌ಗೆಂದೇ ಮಾಡಿದ ಅಲೆಯನ್ನು ಅದು ಒಂದು ಸಲಕ್ಕೆ ಎರಡು ನಿಮಿಷ ಕೊಡುತ್ತದೆ. ಔಷಧಿ, ಮೆಷೀನುಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2017ರಲ್ಲಿ ಕ್ಲಸ್ಟರ್ ತಲೆನೋವಿಗೆ, 2018ರಲ್ಲಿ ಮೈಗ್ರೇನ್‌ಗೆ ಒಪ್ಪಿತು. ಇಟಲಿಯ ಮೈಗ್ರೇನ್ ಪ್ರಯೋಗದಲ್ಲಿ ಒಂದು ಗಂಟೆಗೆ ನೋವು ಪೂರ್ತಿ ಹೋದವರು ನೂರಕ್ಕೆ 21, ಡಮ್ಮಿಯಲ್ಲಿ 10. ಎರಡು ಗಂಟೆಗೆ 30 ಮತ್ತು 20, ಆ ವ್ಯತ್ಯಾಸ ಲೆಕ್ಕಾಚಾರದಲ್ಲಿ ಗಟ್ಟಿ ನಿಲ್ಲಲಿಲ್ಲ. ವೇಗಸ್ ದಾರಿಯಲ್ಲಿ ಇದಕ್ಕೆ ಕಿವಿಗಿಂತ ದೊಡ್ಡ ಪುರಾವೆ ಇದೆ. ಕ್ಲಸ್ಟರ್ ತಲೆನೋವು ಇರುವವರು ನ್ಯೂರಾಲಜಿಸ್ಟ್ ಹತ್ತಿರ ಕೇಳಲೇಬೇಕಾದ ಹೆಸರು. ಆದರೆ ಮೆಡಿಕಲ್ ಸ್ಟೋರಿಗೆ ಹೋಗಿ ಕೇಳಿದರೆ ಸಿಗುವಂಥದ್ದಲ್ಲ.

ಹಣೆಯದು, ತೋಳಿನದು

ಇವೆರಡೂ ವೇಗಸ್ ಅಲ್ಲ. ಆದರೆ ಕಿವಿ ಮೆಷೀನ್ ಕೊಳ್ಳುವ ದುಡ್ಡಿಗೆ ಇವೇ ಎದುರಾಳಿ, ಬಿಡಲಾಗದು.

ಹಣೆಗೆ ಅಂಟಿಸುವ ಸೆಫಾಲಿ ಬೆಲ್ಜಿಯಂ ಮೂಲದ್ದು. ಹುಬ್ಬಿನ ಮೇಲಿನ ನರಕ್ಕೆ ಕರೆಂಟ್ ಕೊಡುತ್ತದೆ. 2014ರಲ್ಲಿ ಎಫ್‌ಡಿಎ ಒಪ್ಪಿದ್ದು ಬರದ ಹಾಗೆ ತಡೆಯುವುದಕ್ಕೆ. ದಿನಕ್ಕೆ 20 ನಿಮಿಷ, ಕಿವಿಯ ನಾಲ್ಕು ಗಂಟೆಯ ಮುಂದೆ ಇದು ಒಂದು ಧಾರಾವಾಹಿಯ ಹೊತ್ತು. 67 ಜನರ ಪ್ರಯೋಗದಲ್ಲಿ ಮೂರು ತಿಂಗಳ ಕೊನೆಗೆ ಮೈಗ್ರೇನ್ ದಿನಗಳು ಅರ್ಧಕ್ಕರ್ಧ ಇಳಿದವರು ನೂರಕ್ಕೆ 38, ಡಮ್ಮಿ ಹಾಕಿಕೊಂಡವರಲ್ಲಿ 12. ಹಣೆಯಲ್ಲಿ ಜೇನುಹುಳ ಗುಂಯ್‌ಗುಟ್ಟಿದ ಹಾಗಾಗುವುದು ಕೆಲವರಿಗೆ ತಡೆಯಲಾಗುವುದಿಲ್ಲ, ಕೆಲವರಿಗೆ ಅದರಿಂದಲೇ ನಿದ್ದೆ ಬರುತ್ತದೆ.

ತೋಳಿಗೆ ಕಟ್ಟುವ ನೆರಿವಿಯೋ ಇಸ್ರೇಲ್‌ನದು. ತಲೆ ನೋಯುವಾಗ ತೋಳಿಗೇಕೆ ಕರೆಂಟ್? ದೇಹದ ಒಂದು ಕಡೆ ಜೋರಾದ, ಆದರೆ ನೋವಲ್ಲದ ಚುರುಕು ಕೊಟ್ಟರೆ ಮಿದುಳು ತನ್ನದೇ ನೋವು ತಡೆಯುವ ವ್ಯವಸ್ಥೆಯನ್ನು ಎಬ್ಬಿಸುತ್ತದೆ, ಆಗ ಇನ್ನೊಂದು ಕಡೆಯ ನೋವೂ ತಗ್ಗುತ್ತದೆ. ನೋವು ಶುರುವಾದ ಒಂದು ಗಂಟೆಯೊಳಗೆ ಕಟ್ಟಿ, ಫೋನಿನ ಆ್ಯಪ್‌ನಿಂದ 45 ನಿಮಿಷ ಓಡಿಸಬೇಕು. 252 ಜನರ ಪ್ರಯೋಗದಲ್ಲಿ ಎರಡು ಗಂಟೆಗೆ ನೋವು ಇಳಿದವರು ನೂರಕ್ಕೆ 67, ಡಮ್ಮಿಯಲ್ಲಿ 39. ಇಷ್ಟೂ ಮೆಷೀನುಗಳಲ್ಲಿ ಬಂದ ನೋವನ್ನು ಇಳಿಸಲು ನನಗೆ ಗಟ್ಟಿ ಎನಿಸಿದ ಪುರಾವೆ ಇದರದೇ. ಇನ್ನೊಂದು ಅನುಕೂಲ, 2023ರಲ್ಲಿ ಡಾ. ರೆಡ್ಡೀಸ್ ಕಂಪನಿ ಇದನ್ನು ಭಾರತಕ್ಕೆ ತಂದಿತು. ಕಸ್ಟಮ್ಸ್ ತಲೆಬಿಸಿ ಇಲ್ಲ. ಡಾಕ್ಟರ್ ಚೀಟಿ ಬೇಕು. ಒಂದು ಮೆಷೀನಿನಲ್ಲಿ ಇಂತಿಷ್ಟು ಸಲ ಎಂದು ಲೆಕ್ಕ ಇರುತ್ತದೆ, ಮುಗಿದ ಮೇಲೆ ಹೊಸದು. ಹಾಗಾಗಿ ಬೆಲೆ ಕೇಳುವಾಗ ಒಟ್ಟು ಬೆಲೆ ಕೇಳಬೇಡಿ, ಒಂದು ಸಲಕ್ಕೆ ಎಷ್ಟು ಬೀಳುತ್ತದೆ ಕೇಳಿ. ತಿಂಗಳಿಗೆ ಹತ್ತು ಸಲ ಬರುವವರಿಗೆ ಅದೇ ದೊಡ್ಡ ಲೆಕ್ಕವಾಗುತ್ತದೆ.

ಕಿವಿ ಚುಚ್ಚಿಸುವುದು

ಚಿಕ್ಕಮ್ಮನಿಗೆ ಉತ್ತರ. ಕಿವಿ ರಂಧ್ರದ ಮೇಲಿನ ಮೃದ್ವಸ್ಥಿಯ ಮಡಿಕೆಗೆ ರಿಂಗ್ ಹಾಕಿಸಿದರೆ ಮೈಗ್ರೇನ್ ಹೋಗುತ್ತದೆ ಎನ್ನಲು ಸರಿಯಾದ ಪ್ರಯೋಗ ಒಂದೂ ಇಲ್ಲ. ಹಾಲೆಯ ಹಾಗೆ ಅದು ಬೇಗ ಮಾಯುವುದಿಲ್ಲ, ತಿಂಗಳುಗಟ್ಟಲೆ ಬೇಕು. ಕೀವಾದರೆ ಕಿವಿಯ ಆಕಾರವೇ ಕೆಡಬಹುದು. ಅಂದಕ್ಕೆ ಬೇಕಿದ್ದರೆ ಹಾಕಿಸಿ, ನಮ್ಮಜ್ಜಿ ಬುಗುಡಿ ಹಾಕುತ್ತಿದ್ದರು, ಅವರ ತಲೆನೋವು ಬುಗುಡಿಯ ಜೊತೆಗೇ ಕೊನೆವರೆಗೂ ಇತ್ತು. ಕಿವಿಗೆ ಅಂಟಿಸುವ ಅಕ್ಯುಪ್ರೆಶರ್ ಬೀಜಗಳಿಂದ ದೊಡ್ಡ ಅಪಾಯ ಇಲ್ಲ, ದೊಡ್ಡ ನಿರೀಕ್ಷೆಯೂ ಬೇಡ.

ಮಾತ್ರೆಗಳನ್ನು ಮರೆತು ಹೋಲಿಸುವುದು ಹೇಗೆ?

ಮೆಷೀನ್ ಕೊಳ್ಳಲು ಹೊರಟ ಎಷ್ಟೋ ಜನ ತಡೆಯುವ ಮಾತ್ರೆಯನ್ನು ಒಂದು ಸಲವೂ ಸರಿಯಾಗಿ ತೆಗೆದುಕೊಂಡಿರುವುದಿಲ್ಲ. ನಾನೂ ಹಾಗೇ ಇದ್ದೆ. ಡೋಲೋ ನುಂಗುವುದೇ ಚಿಕಿತ್ಸೆ ಅಂದುಕೊಂಡಿದ್ದೆ. ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್‌ನಂಥ ಹಳೇ ಮಾತ್ರೆಗಳಿವೆ. ಡಾಕ್ಟರ್ ಬರೆದರೆ ಜನೌಷಧಿ ಅಂಗಡಿಯಲ್ಲಿ ತಿಂಗಳ ಖರ್ಚು ಎರಡು ಮಸಾಲೆ ದೋಸೆಯ ಬೆಲೆಯೊಳಗೇ ಮುಗಿಯಬಹುದು. ಬಂದ ನೋವಿಗೆ ಟ್ರಿಪ್ಟಾನ್ ಜಾತಿಯ ಮಾತ್ರೆಗಳಿವೆ. ಬಾಯಿ ಒಣಗುವುದು, ತೂಕಡಿಕೆ, ತೂಕ ಏರುವುದು ಮುಖ್ಯವಾಗಿ ಅಮಿಟ್ರಿಪ್ಟಿಲಿನ್‌ನ ತಕರಾರು. ಆಸ್ತಮಾ ಇರುವವರಿಗೆ ಪ್ರೊಪ್ರನಲಾಲ್ ಆಗದು, ಹೃದಯದ ಕಾಯಿಲೆ ಇರುವವರಿಗೆ ಟ್ರಿಪ್ಟಾನ್ ಆಗದು. ಮೆಷೀನಿನ ನಿಜವಾದ ಬೆಲೆ ಗೊತ್ತಾಗುವುದು ಇಂಥವರಿಗೇ.

ನೋವಿನ ಮಾತ್ರೆಯನ್ನೇ ನೆಚ್ಚಿಕೊಂಡವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಪ್ಯಾರಾಸಿಟಮಾಲ್ ಥರದ್ದನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್ ಅಥವಾ ಹಲವು ಔಷಧಿ ಸೇರಿಸಿದ ಮಾತ್ರೆಯನ್ನು 10 ದಿನ ಮುಟ್ಟಿ, ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಿಸಲು ಶುರು ಮಾಡಬಹುದು. ಅಲ್ಲಿಗೆ ಮುಟ್ಟಿದವರು ಮೆಷೀನ್ ಕೊಳ್ಳುವ ಮೊದಲು ಮಾತ್ರೆ ಬಿಡಿಸಿಕೊಳ್ಳಬೇಕು, ಅದೂ ಡಾಕ್ಟರ್ ಜೊತೆ.

ಹಾಗಾದರೆ ಯಾರಿಗೆ ಯಾವುದು

ತಿಂಗಳಿಗೆ ಎರಡು ಮೂರು ಸಲ ಬರುತ್ತದೆ, ಮಾತ್ರೆಗೆ ಇಳಿಯುತ್ತದೆ ಎಂದರೆ ಏನೂ ಕೊಳ್ಳಬೇಡಿ. ಹೊತ್ತಿಗೆ ಊಟ, ನಿದ್ದೆ, ಸಿಲ್ಕ್ ಬೋರ್ಡ್ ಬಿಸಿಲಿಗೆ ಒಂದು ಕೂಲಿಂಗ್ ಗ್ಲಾಸ್ ಸಾಕು. ಏಕಾದಶಿ ಉಪವಾಸದ ಮಾರನೇ ದಿನವೇ ನಿಮಗೂ ಬರುತ್ತದಾ, ಗಮನಿಸಿ. ನನಗೆ ತಪ್ಪದೆ ಬರುತ್ತಿತ್ತು.

ನಾಲ್ಕೈದು ಸಲ ಬರುತ್ತದೆ, ಮಾತ್ರೆ ಹೊಟ್ಟೆಗೆ ಆಗುವುದಿಲ್ಲ ಎಂದರೆ ತೋಳಿನದನ್ನು ಡಾಕ್ಟರ್ ಹತ್ತಿರ ಕೇಳಿ. ಕಿವಿಯದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದರ ಪ್ರಯೋಗ ಆಗಿರುವುದು ಮುಖ್ಯವಾಗಿ ತಡೆಯುವುದಕ್ಕೆ.

ಎಂಟು ಹತ್ತು ದಿನ ಹಾಳಾಗುತ್ತಿದ್ದರೆ ಮೊದಲು ತಡೆಯುವ ಮಾತ್ರೆ, ಕೊಟ್ಟ ಡೋಸಿನಲ್ಲಿ ಎರಡು ಮೂರು ತಿಂಗಳು ಬಿಡದೆ. ನನಗೆ ಒಂಬತ್ತು ಇದ್ದದ್ದು ನಾಲ್ಕಾಗಿದ್ದು ಇದರಿಂದ. ಮಾತ್ರೆ ಒಗ್ಗದವರಿಗೆ ಅಥವಾ ಬೇಡವೇ ಬೇಡ ಎನ್ನುವವರಿಗೆ ಹಣೆಯದು ಮುಂದಿನ ಮೆಟ್ಟಿಲು.

ಹದಿನೈದು ದಿನ ದಾಟಿ, ಮಾತ್ರೆಗಳೆಲ್ಲ ಆಗಿ, ಮನೆಯಿಂದ ಕೆಲಸ ಮಾಡುವ ಅನುಕೂಲವಿದ್ದು, ದಿನಕ್ಕೆ ನಾಲ್ಕು ಗಂಟೆ ಕಿವಿಗೆ ವೈರ್ ಹಾಕಿ ಕೂರುವ ತಾಳ್ಮೆ ಇದ್ದವರಿಗೆ ಕಿವಿ ಮೆಷೀನ್. ಆ ಜರ್ಮನ್ ಪ್ರಯೋಗ ನಡೆದಿದ್ದೂ ಇಷ್ಟು ದಿನ ತಲೆನೋವು ಇರುವವರ ಮೇಲೆಯೇ. ದುಡ್ಡು ಕಡಿಮೆ ಇದ್ದರೆ ನಿಮ್ಹಾನ್ಸ್ ಹೊರರೋಗಿ ವಿಭಾಗ ಇದೆ. ಬೆಳಗ್ಗೆ ಬೇಗ ಹೋಗಿ, ಕ್ಯೂ ಇರುತ್ತದೆ, ತಿಂಡಿ ಕಟ್ಟಿಕೊಂಡು ಹೋಗಿ. ಖಾಲಿ ಹೊಟ್ಟೆಯಲ್ಲಿ ನಿಂತರೆ ಅಲ್ಲೇ ತಲೆನೋವು ಶುರುವಾಗುತ್ತದೆ.

ಕಿವಿ ಮೆಷೀನೇ ಎಂದು ತೀರ್ಮಾನಿಸಿದವರು ಮಾರುವವರನ್ನು ಇಷ್ಟು ಕೇಳಿ. ಎಲೆಕ್ಟ್ರೋಡ್ ತಗ್ಗಿನಲ್ಲಿ ಕೂರುತ್ತದಾ, ಹಾಲೆಗಾ? 1 ಹರ್ಟ್ಸ್‌ಗೆ ಇಡಬಹುದಾ? ಬಿಡಿ ಎಲೆಕ್ಟ್ರೋಡ್ ಇಲ್ಲೇ ಸಿಗುತ್ತದಾ? ಮೂರು ತಿಂಗಳಲ್ಲಿ ಉಪಯೋಗವಾಗದಿದ್ದರೆ ವಾಪಸ್ ತಗೊಳ್ಳುತ್ತೀರಾ, ಇಲ್ಲವೇ ಬಾಡಿಗೆಗೆ ಕೊಡುತ್ತೀರಾ? ದುಡ್ಡು ಕೊಡುವ ಹಿಂದಿನ ತಿಂಗಳಿಂದಲೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಲೆನೋವಿನ ದಿನಕ್ಕೆ ಕೆಂಪು, ಮಾತ್ರೆ ನುಂಗಿದ ದಿನಕ್ಕೆ ನೀಲಿ ಚುಕ್ಕೆ ಇಡುತ್ತಾ ಬನ್ನಿ. ಮೂರು ತಿಂಗಳ ಆಮೇಲೆ ಕೆಂಪು ಚುಕ್ಕೆ ಎಣಿಸಿ. ಮೂರರಲ್ಲಿ ಒಂದು ಭಾಗವಾದರೂ ಕಡಿಮೆಯಾಗಿರದಿದ್ದರೆ ಮೆಷೀನನ್ನು ವಾಪಸ್ ಕಳಿಸಿ.